ಸಾಂಬಾರಿನೊಳಗಿನ ಬೆಲ್ಲ

ಭಾನುವಾರ ಬೆಳಿಗ್ಗೆ ಬಿ.ಟಿ.ಎಂ. ಲೇಔಟಿನ ಬಸ್ ಸ್ಟಾಪಿನಲ್ಲಿ ಮುತ್ತುರಾಜ ಆಡಿದ ಮೊದಲ ಮಾತಿಗೇ ರೇಣುಕವ್ವನ ಕಿವಿ ನಿಮಿರಿತು.

"ಅವ್ವಾರ, ನಾಷ್ಟಾ ಜಯನಗರದಾಗ ಮಾಡೂಣ್ರಿ. ಆ ಹೋಟೆಲಿನ್ಯಾಗ ಹೆಣ್ಮಕ್ಕಳ ಬಾತ್‌ರೂಮ್ ಸ್ವಚ್ಛ ಇರತೈತಿ. ಮುಂದ ಬನಶಂಕರಿ ಗುಡಿ ಹತ್ರ ಇನ್ನೊಂದೈತಿ, ಅದೂ ನಡೀತೈತಿ. ಅವೆರಡರ ನಡುವ ಎಲ್ಲೂ ಚಲೋ ಇಲ್ಲರಿ."

ಹುಡುಗ ಸಂಕೋಚದಿಂದಲೇ ಹೇಳಿದ್ದ. ಬೇರೆ ಯಾರಾದರೂ ಆಗಿದ್ದರೆ ಹಿರಿಯರ ಬಗ್ಗೆ ಎಷ್ಟು ಕಾಳಜಿ ಎಂದು ಮೆಚ್ಚಿಕೊಳ್ಳುತ್ತಿದ್ದರು. ರೇಣುಕವ್ವ ಮೆಚ್ಚಲಿಲ್ಲ. ಹುಳಿಮಾವಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬನೇ ಇರುವವನು, ಲಿಫ್ಟ್ ರಿಪೇರಿ ಕಂಪನಿಯಲ್ಲಿ ಕೆಲಸ ಮಾಡುವವನು, ಮದುವೆಯಾಗದ ಗಂಡಸು. ಇಂಥವನಿಗೆ ಜಯನಗರದಿಂದ ಬನಶಂಕರಿವರೆಗೆ ಹೆಂಗಸರ ಬಾತ್‌ರೂಮು ಎಲ್ಲೆಲ್ಲಿ ಸ್ವಚ್ಛವಾಗಿದೆ ಎಂಬುದು ಹೇಗೆ ಗೊತ್ತು? ಆ ಮಾತನ್ನು ಅವಳು ಸೆರಗಿಗೆ ಗಂಟು ಹಾಕಿಕೊಂಡವಳಂತೆ ಮನಸ್ಸಿನಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ರೋಣದಿಂದ ಅವರು ಬೆಂಗಳೂರಿಗೆ ಬಂದದ್ದಕ್ಕೆ ಎರಡು ಕಾರಣಗಳಿದ್ದವು. ಊರಿಗೆಲ್ಲ ಹೇಳಿದ್ದು ಒಂದು. ರೇಣುಕವ್ವನ ತಂಗಿಯ ಮಗಳು ಪ್ರಿಯಾಂಕಾಗೆ ಶನಿವಾರ ಜಯನಗರದಲ್ಲಿ ಬ್ಯಾಂಕಿನ ಪರೀಕ್ಷೆ ಇತ್ತು. ದೊಡ್ಡವ್ವ ಜೊತೆಗೆ ಬಂದಿದ್ದಳು. ಬಿ.ಟಿ.ಎಂ.ನಲ್ಲಿ ಬಾಡಿಗೆಗಿರುವ ಮಗ ಸಿದ್ದಾರೂಢನ ಮನೆಯಲ್ಲಿ ಉಳಿದು, ಭಾನುವಾರ ಊರು ನೋಡಿ, ರಾತ್ರಿ ರೈಲು ಹತ್ತುವುದು. ಯಾರಿಗೂ ಹೇಳದೇ ಇದ್ದದ್ದು ಇನ್ನೊಂದು. ಕುಷ್ಟಗಿಯ ಕಡೆಯ ಈ ಮುತ್ತುರಾಜನ ಫೋಟೋ, ಜಾತಕ ಮನೆಗೆ ಬಂದು ಕೂತಿದ್ದವು. ಹೆಣ್ಣು ನೋಡುವ ಶಾಸ್ತ್ರಕ್ಕೆ ಅವರನ್ನು ಕರೆಯುವ ಮೊದಲು ಹುಡುಗ ಎಂಥವನು ಎಂದು ವಿಚಾರಿಸಬೇಕಿತ್ತು. ಆ ಮನೆತನದಲ್ಲಿ ವಿಚಾರಿಸುವ ಕೆಲಸ ರೇಣುಕವ್ವನದು.

ಅದು ಸುಮ್ಮನೆ ಬಂದ ಅಧಿಕಾರವಲ್ಲ. ಪ್ರಿಯಾಂಕಾಗೆ ಬಂದ ಮೂರು ಸಂಬಂಧಗಳನ್ನು ಅವಳು ಮುರಿದಿದ್ದಳು. ಒಬ್ಬನ ವಯಸ್ಸು ಜಾತಕದಲ್ಲಿ ಒಂದಿದ್ದರೆ ಶಾಲೆಯ ದಾಖಲೆಯಲ್ಲಿ ಬೇರೆಯೇ ಇತ್ತು. ಇನ್ನೊಬ್ಬ ತನ್ನದೆಂದು ತೋರಿಸಿದ ಹುಬ್ಬಳ್ಳಿಯ ಮನೆ ಅವನ ಸೋದರಮಾವನದಾಗಿತ್ತು. ಮೂರನೆಯವನು ಬೆಳಿಗ್ಗೆ ಬೆಳಿಗ್ಗೆಯೇ ಏಲಕ್ಕಿ ಅಗಿಯುತ್ತಿದ್ದ. ಅದು ಹೆಂಡದ ವಾಸನೆ ಮುಚ್ಚಲು ಎಂದು ಎಲ್ಲರಿಗೂ ಆಮೇಲೆ ಗೊತ್ತಾಯಿತು. ಮೂರು ಸಲವೂ ರೇಣುಕವ್ವನ ಸಂಶಯ ನಿಜವಾಗಿತ್ತು. ಹಾಗಾಗಿ ಪ್ರಿಯಾಂಕಾಳ ಅಪ್ಪ ಜಯದೇವಪ್ಪ ಈ ಸಲ ಒಂದೇ ಮಾತು ಹೇಳಿ ಕಳಿಸಿದ್ದ: "ಅಕ್ಕಾರ, ನೀವು ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ."

ಪರೀಕ್ಷೆಗೆ ಬರುತ್ತಾರೆಂದು ತಿಳಿದು ಮುತ್ತುರಾಜ ತಾನೇ ಫೋನು ಮಾಡಿ, ಭಾನುವಾರ ರಜೆ ಇದೆ, ನಾನೇ ತಿರುಗಾಡಿಸುತ್ತೇನೆ ಎಂದಿದ್ದ. ಅವನು ಹಾಕಿದ್ದ ಯೋಜನೆಯಲ್ಲಿ ದುಬಾರಿಯ ಜಾಗ ಒಂದೂ ಇರಲಿಲ್ಲ. ಜಯನಗರದಲ್ಲಿ ನಾಷ್ಟಾ, ನಾಲ್ಕನೇ ಬ್ಲಾಕಿನ ಅಂಗಡಿ ಸಾಲು, ಬನಶಂಕರಿ ಗುಡಿ, ಜೆ.ಪಿ. ನಗರದಲ್ಲಿ ಊಟ, ಅಲ್ಲೇ ಒಂದು ಪಾರ್ಕು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ಗುಡಿಗೆ ಟಿಕೆಟ್ಟಿಲ್ಲ, ಪಾರ್ಕಿಗೂ ಇಲ್ಲ.

"ಏನ್ ಪ್ಲ್ಯಾನ್ ಹಾಕೀಯೋ ಮಾರಾಯ," ಎಂದ ಸಿದ್ದಾರೂಢ. ಬಸ್ಸಿನಲ್ಲಿ ಮುತ್ತುರಾಜನ ಪಕ್ಕದಲ್ಲೇ ನಿಂತಿದ್ದ. "ನಾ ಇಲ್ಲಿ ಐದು ವರ್ಷ ಆತು, ಹೆಂಡ್ತೀನ್ನ ಒಂದ್ಸಲನೂ ಹಿಂಗ ತಿರುಗಾಡ್ಸಿಲ್ಲ. ಈಗ ಹೆರಿಗಿಗೆ ತವರಿಗೆ ಹೋಗ್ಯಾಳ, ಬಂದ ಮ್ಯಾಲ ನಿನ್ನ ಹತ್ರನ ಕಳಸ್ತೀನಿ ನೋಡು."

ಎಲ್ಲರೂ ನಕ್ಕರು. ರೇಣುಕವ್ವನಿಗೆ ಇದೂ ಸರಿಬರಲಿಲ್ಲ. ಹೆಂಡತಿ ಇರುವ ತನ್ನ ಮಗನಿಗೇ ತಿಳಿಯದ ಊರು, ಹೆಂಡತಿ ಇಲ್ಲದ ಇವನಿಗೆ ಇಷ್ಟು ಚೆನ್ನಾಗಿ ಹೇಗೆ ತಿಳಿದಿದೆ?

ಜಯನಗರದ ಹೋಟೆಲಿನಲ್ಲಿ ಕೂರಲು ಕುರ್ಚಿಗಳಿರಲಿಲ್ಲ. ಎದೆಯೆತ್ತರದ ಮೇಜುಗಳ ಸುತ್ತ ಜನ ನಿಂತು ತಿನ್ನುತ್ತಿದ್ದರು. ಆದರೆ ಮುತ್ತುರಾಜ ಒಳಗೆ ಹೋದವನೇ ಯಾರನ್ನೂ ಕೇಳದೆ ಕಂಬದ ಹಿಂದಿನಿಂದ ಒಂದು ಪ್ಲಾಸ್ಟಿಕ್ ಸ್ಟೂಲು ಎಳೆದು ತಂದು ರೇಣುಕವ್ವನ ಮುಂದಿಟ್ಟ. ಸ್ಟೂಲು ಅಲ್ಲಿರುವುದೂ ಇವನಿಗೆ ಗೊತ್ತು.

ಇಡ್ಲಿ, ವಡೆ, ಸಾಂಬಾರು ಬಂತು. ವಡೆ ಗರಿಗರಿಯಾಗಿತ್ತು, ಚಟ್ನಿಯಲ್ಲಿ ಹಸಿಮೆಣಸು ಹದವಾಗಿತ್ತು. ರೇಣುಕವ್ವ ಒಂದು ಚಮಚ ಸಾಂಬಾರು ಬಾಯಿಗಿಟ್ಟು ಚಮಚವನ್ನು ಹಾಗೇ ಕೆಳಗಿಟ್ಟಳು.

"ಇದಕ್ಕ ಬೆಲ್ಲ ಹಾಕ್ಯಾರ."

"ಬೆಂಗ್ಳೂರಾಗ ಎಲ್ಲಾ ಕಡೆ ಹಿಂಗ ಅವ್ವಾ," ಎಂದ ಸಿದ್ದಾರೂಢ.

"ಎಲ್ಲಾ ಕಡೆ ಅಲ್ಲ. ನೀ ನಿನ್ನೆ ತಂದಿದ್ದು ಇಷ್ಟ್ ಸಿಹಿ ಇದ್ದಿಲ್ಲ. ಇದು ಹೋಳಿಗಿ ಸಾರಿಗಿಂತ ಒಂದ್ ಕೈ ಮ್ಯಾಲ ಐತಿ."

"ಸೇರಲಿಲ್ಲೇನ್ರಿ?" ಮುತ್ತುರಾಜನ ಮುಖ ಸಣ್ಣದಾಯಿತು. "ಇದು ಎಲ್ಲಾರಿಗೂ ಭಾಳ ಸೇರತೈತಿ ಅಂತ…"

ಮಾತು ಅಲ್ಲಿಗೇ ನಿಂತಿತು. ರೇಣುಕವ್ವ ಆ ಮಾತಿನ ತುದಿ ಹಿಡಿದು ಯೋಚಿಸಿದಳು. ಖಾರ ತಿಂದು ಬೆಳೆದ ಕುಷ್ಟಗಿಯ ಹುಡುಗ. ಬಿ.ಟಿ.ಎಂ.ನಲ್ಲೇ ಜೋಳದ ರೊಟ್ಟಿ, ಎಣ್ಣೆಗಾಯಿ ಕೊಡುವ ಖಾನಾವಳಿಗಳ ಮುಂದೆ ಬಸ್ಸು ಹಾದು ಬಂದಿತ್ತು. ಅವನ್ನೆಲ್ಲ ಬಿಟ್ಟು ಈ ಬೆಲ್ಲದ ಸಾಂಬಾರಿಗೆ ಕರೆತಂದಿದ್ದಾನೆ ಎಂದರೆ ಈ ಹೋಟೆಲನ್ನು ಅವನ ನಾಲಿಗೆ ಆರಿಸಿಲ್ಲ. ಇದನ್ನು ಆರಿಸಿದ ನಾಲಿಗೆ ಈ ಊರಿನದೇ. ಬಾತ್‌ರೂಮನ್ನೂ ಲೆಕ್ಕಕ್ಕೆ ಹಿಡಿದರೆ, ಹೆಂಗಸಿನದು.

ಕಾಫಿಗೆಂದು ಮುತ್ತುರಾಜ ಮತ್ತೆ ಕ್ಯಾಶಿಗೆ ಹೋದಾಗ ಅವಳೂ ನೀರಿನ ನೆವದಲ್ಲಿ ಹಿಂದೆ ಹೋದಳು. ಕ್ಯಾಶಿನವನು ಟೋಕನ್ ಹರಿಯುತ್ತ ಮುತ್ತುರಾಜನನ್ನು ನೋಡಿ ಹಲ್ಲು ಬಿಟ್ಟ.

"ಏನ್ ಗುರು, ಈ ವಾರ ಬೇರೆ ಫ್ಯಾಮಿಲಿನಾ?"

"ಶ್ಶ್! ನಾಕು ಕಾಫಿ ಕೊಡಿ ಅಣ್ಣ," ಎಂದ ಮುತ್ತುರಾಜ. ಅವನ ಕಿವಿಯ ತುದಿ ಕೆಂಪಾಗಿತ್ತು.

ರೇಣುಕವ್ವ ನೀರು ಕುಡಿಯದೇ ಲೋಟ ಇಟ್ಟು ಬಂದಳು. ಆಗಲೇ ಅವಳು ಆ ಹೆಂಗಸನ್ನು ಕಂಡದ್ದು. ಗಿಳಿಹಸಿರು ಸೀರೆ, ದಪ್ಪ ಮೈಕಟ್ಟು, ತನ್ನದೇ ವಯಸ್ಸು. ಆಚೆಯ ಮೇಜಿನಲ್ಲಿ ಒಂದು ಲೋಟ ಕಾಫಿಯನ್ನು ಮುಗಿಸದೇ ಹಿಡಿದುಕೊಂಡು ಪ್ರಿಯಾಂಕಾಳನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು. ಹೆಂಗಸೊಬ್ಬಳು ಇನ್ನೊಬ್ಬಳನ್ನು ಹಾಗೆ ನೋಡುವುದಕ್ಕೆ ಎರಡೇ ಕಾರಣ. ಒಂದೋ ಸೀರೆಯ ಬೆಲೆ ಅಂದಾಜು ಮಾಡುವುದು, ಇಲ್ಲವೇ ಉಟ್ಟವಳನ್ನು ಅಂದಾಜು ಮಾಡುವುದು. ಪ್ರಿಯಾಂಕಾ ಅವತ್ತು ಸೀರೆ ಉಟ್ಟಿರಲಿಲ್ಲ, ಸಾದಾ ಚೂಡಿದಾರ ಹಾಕಿದ್ದಳು. ಮುತ್ತುರಾಜ ಕಾಫಿ ಹಿಡಿದು ಈ ಕಡೆ ತಿರುಗಿದ್ದೇ ತಡ, ಆ ಹೆಂಗಸು ಕಂಬದ ಮರೆಗೆ ಸರಿದಳು.

ನಾಲ್ಕನೇ ಬ್ಲಾಕಿನ ಅಂಗಡಿಗಳ ಮುಂದೆ ಅವರು ನಿಧಾನವಾಗಿ ನಡೆದರು. ಸಿದ್ದಾರೂಢ ಸೀಬೆಹಣ್ಣಿಗೆ ಉಪ್ಪುಖಾರ ಹಾಕಿಸಿ ಎಲ್ಲರಿಗೂ ಹೋಳು ಹಂಚಿದ. ಪ್ರಿಯಾಂಕಾ ಕಿವಿಯೋಲೆಗಳ ತಟ್ಟೆಯ ಮುಂದೆ ನಿಂತಳು. ಮುತ್ತುರಾಜ ದೂರದಲ್ಲೇ ನಿಂತು, ಪರೀಕ್ಷೆಯಲ್ಲಿ ಲೆಕ್ಕದ ಭಾಗ ಕಷ್ಟವಿತ್ತೇ ಎಂದು ಕೇಳುತ್ತಿದ್ದ. ರೇಣುಕವ್ವ ಅಂಗಡಿ ನೋಡುವವಳಂತೆ ಎರಡು ಸಲ ಹಿಂದಿರುಗಿ ನೋಡಿದಳು. ಎರಡನೇ ಸಲ ಜನರ ನಡುವೆ ಗಿಳಿಹಸಿರು ಕಂಡಿತು.

"ಯಾರನ್ನ ಹುಡ್ಕಾಕತ್ತೀ?" ಎಂದ ಸಿದ್ದಾರೂಢ.

"ಯಾರನ್ನೂ ಇಲ್ಲ. ಅವ ಕುಡೀತಾನೇನು? ನಿನಗ ಏನರ ಗೊತ್ತೈತೇನು?"

"ಇಲ್ಲವಾ. ಗುಟ್ಕಾನೂ ಇಲ್ಲ. ನಾ ಅವನ ಕಂಪನಿಯವರನ್ನ ಕೇಳೀನಿ. ಒಂದ್ ದಿನ ಪೊಲೀಸ್ ಡ್ರೆಸ್ ತಗದಿಡು ಅವ್ವಾ, ಊರು ನೋಡು."

"ಊರನ್ನ ನೋಡಾಕತ್ತೀನಿ," ಎಂದಳು ರೇಣುಕವ್ವ.

ಬನಶಂಕರಿ ಗುಡಿಯ ಮುಂದೆ ಇಳಿದಾಗ ಬಿಸಿಲು ಏರಿತ್ತು. ಹೂವಿನ ಸಾಲಿನಲ್ಲಿ ಮುತ್ತುರಾಜ ನೇರವಾಗಿ ಒಬ್ಬಳ ಬಳಿಗೇ ಹೋದ. ಅವಳು ಕನಕಾಂಬರದ ಮಾಲೆ ಮೊಳ ಹಾಕುತ್ತ ಅಂದಳು, "ಹೋದ ವಾರ ಅಮ್ಮಾವ್ರಿಗೆ ಕೊಟ್ಟಿದ್ನಲ್ಲ ಸಾರ್, ಅದೇ ಹೂವ. ಬಾಡ್ಲಿಲ್ಲ ತಾನೆ? ಕೇಳ್ದೆ ಅಂತ ಹೇಳಿ."

"ಹಾಂ ಹಾಂ, ಹೇಳ್ತೀನಿ," ಎಂದು ಮುತ್ತುರಾಜ ಅವಸರದಿಂದ ಹೂವು ತೆಗೆದುಕೊಂಡ. ರೇಣುಕವ್ವನ ಮುಖ ನೋಡಲಿಲ್ಲ.

ಚಪ್ಪಲಿ ಬಿಡುವ ಕಡೆ ನೂಕುನುಗ್ಗಲು. ಎಲ್ಲರ ಚಪ್ಪಲಿಯನ್ನೂ ತಾನೇ ಇಟ್ಟು ಬರುತ್ತೇನೆಂದು ಮುತ್ತುರಾಜ ಬೆನ್ನಿನ ಬ್ಯಾಗನ್ನು ಕಟ್ಟೆಯ ಮೇಲೆ ಬಿಟ್ಟು ಹೋದ. ಸಿದ್ದಾರೂಢ ಅವನ ಜೊತೆಗೆ ನಡೆದ. ರೇಣುಕವ್ವ ಅತ್ತಿತ್ತ ನೋಡಿ ಬ್ಯಾಗಿನ ಜಿಪ್ಪು ಎಳೆದಳು.

"ದೊಡ್ಡವ್ವಾ!" ಪ್ರಿಯಾಂಕಾ ಸಣ್ಣಗೆ ಚೀರಿದಳು. "ಏನ್ ಮಾಡಾಕತ್ತೀ? ಮುಚ್ಚು!"

ನೀರಿನ ಬಾಟಲಿ, ಟವೆಲ್ಲು, ಬಾಳೆಹಣ್ಣು. ಅವುಗಳ ಅಡಿಯಲ್ಲಿ ಮಡಿಸಿದ ಛತ್ರಿ. ಹೆಂಗಸರ ಛತ್ರಿ. ನೇರಳೆ ಬಣ್ಣದ ಮೇಲೆ ಹಳದಿ ಹೂಗಳು, ಹಿಡಿಕೆಗೆ ಅರಿಶಿನದ ಕಲೆ. ರೇಣುಕವ್ವ ಅದನ್ನು ಮೂಗಿಗೆ ಹಿಡಿದಳು. ಪೌಡರಿನ ವಾಸನೆ ಇತ್ತು. ಇದ್ದ ಹಾಗೆಯೇ ಒಳಗಿಟ್ಟು ಜಿಪ್ಪು ಎಳೆದಳು.

"ಒಂದ್ ಮಾತ್ ಕೇಳ್ಲಿ?" ಪ್ರಿಯಾಂಕಾ ಬ್ಯಾಗನ್ನು ತನ್ನ ಕಡೆ ಎಳೆದುಕೊಂಡಳು. "ಇವನಿಗೂ ಬ್ಯಾಡ ಅಂತಿಯೇನು?"

"ಇನ್ನಾ ಗೊತ್ತಿಲ್ಲ."

"ನನಗ ಸೇರ್ಯಾನ. ಹಿಂದಿನ ಮೂರೂ ಮಂದಿ ಬ್ಯಾಂಕ್ ನೌಕರಿ ಸಿಕ್ರ ಪಗಾರ ಎಷ್ಟ್ ಬರತೈತಿ ಅಂತ ಕೇಳಿದ್ರು. ಇವ ಪರೀಕ್ಷಾ ಹೆಂಗಾತು ಅಂತ ಕೇಳಿದ."

"ಮಾತು ಚಲೋ ಆಡಿದವರೆಲ್ಲ ಚಲೋ ಮಂದಿ ಅಲ್ಲ, ಪಿಯಾ."

"ಅದು ನನಗೂ ಗೊತ್ತೈತಿ. ಆದ್ರ ನೀ ಬ್ಯಾಡ ಅಂದ್ರ ಅಪ್ಪ ಮುಂದ ಒಂದ್ ಮಾತೂ ಕೇಳೂದಿಲ್ಲ. ಸುಳ್ಳ ಸಂಶಯಕ್ಕ ಬ್ಯಾಡ ಅನ್ನಬ್ಯಾಡ. ಖಾತ್ರಿ ಮಾಡ್ಕೊಂಡು ಹೇಳು. ಇಷ್ಟ ನಾ ಕೇಳೂದು."

ಗುಡಿಯ ಸಾಲಿನಲ್ಲಿ ನಿಂತಾಗಲೂ ರೇಣುಕವ್ವನ ಕಣ್ಣು ದೇವಿಯ ಕಡೆಗಿರಲಿಲ್ಲ. ಹೊರಗಿನ ನೆರಳಿನಲ್ಲಿ ಆ ಗಿಳಿಹಸಿರು ಸೀರೆಯವಳು ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ಮಾತಾಡುತ್ತ ಇವರ ಕಡೆಗೇ ನೋಡುತ್ತಿದ್ದಳು, ಇಲ್ಲ ಇಲ್ಲ ಎಂಬಂತೆ ತಲೆ ಆಡಿಸುತ್ತಿದ್ದಳು.

ಈಗ ರೇಣುಕವ್ವನಿಗೆ ಎಲ್ಲ ಕೂಡಿಬಂದಂತೆ ಅನಿಸಿತು. ಹುಡುಗನಿಗೆ ಈ ಊರಿನ ಒಬ್ಬ ಹುಡುಗಿ ಇದ್ದಾಳೆ. ವಾರ ವಾರ ಅವಳನ್ನು ಇದೇ ದಾರಿಯಲ್ಲಿ ತಿರುಗಾಡಿಸುತ್ತಾನೆ. ಕುಷ್ಟಗಿಯ ತಾಯಿಗೆ ಹೇಳುವ ಧೈರ್ಯವಿಲ್ಲ, ಹಾಗಾಗಿ ಇತ್ತ ಸಂಬಂಧಕ್ಕೂ ಒಪ್ಪಿದ್ದಾನೆ. ಸುದ್ದಿ ತಿಳಿದ ಆ ಹುಡುಗಿಯ ತಾಯಿ ಬೆನ್ನು ಹತ್ತಿ ಬಂದಿದ್ದಾಳೆ. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದಕ್ಕೂ ಸಾಕ್ಷಿ ಇತ್ತು. ಆದರೂ ಪ್ರಿಯಾಂಕಾ ಆಡಿದ ಖಾತ್ರಿ ಎಂಬ ಮಾತು ಅವಳನ್ನು ಬಿಡಲಿಲ್ಲ. ಇಲ್ಲಿಯವರೆಗಿನದು ಕೂಡಿಸಿದ ಲೆಕ್ಕ. ಯಾರ ಬಾಯಿಂದಲೂ ಅವಳು ಕೇಳಿರಲಿಲ್ಲ.

ಜೆ.ಪಿ. ನಗರದ ಊಟದ ಮನೆ ಒಂದು ಹಳೇ ಮನೆಯ ಮುಂದಿನ ಕೋಣೆ. ಉದ್ದನೆಯ ಬೆಂಚು, ಬಾಳೆ ಎಲೆ. ರಾಗಿ ಮುದ್ದೆ, ಸೊಪ್ಪಿನ ಬಸ್ಸಾರು, ಪಲ್ಯ, ಅನ್ನ, ಮಜ್ಜಿಗೆ. ಹೊಟ್ಟೆ ತುಂಬ ಬಡಿಸುತ್ತಿದ್ದರು. ಬಸ್ಸಾರಿನ ಬೆಳ್ಳುಳ್ಳಿ ಒಗ್ಗರಣೆಯ ಘಮಕ್ಕೆ ರೇಣುಕವ್ವನಿಗೂ ಹಸಿವು ಕೆರಳಿತು. ಮುದ್ದೆ ಮುರಿದು ಬಾಯಿಗಿಟ್ಟು ರೊಟ್ಟಿಯಂತೆ ಅಗಿದಳು. ಅದು ಹಲ್ಲಿಗೆಲ್ಲ ಮೆತ್ತಿಕೊಂಡಿತು.

"ಅಗೀಬಾರದ್ರಿ ಅವ್ವಾರ. ಸಾರಿನ್ಯಾಗ ಅದ್ದಿ ನುಂಗಬೇಕ್ರಿ. ಹಿಂಗ ನೋಡ್ರಿ." ಮುತ್ತುರಾಜ ಒಂದು ತುತ್ತನ್ನು ಬೆರಳಲ್ಲಿ ಉರುಟು ಮಾಡಿ, ಸಾರಿನಲ್ಲಿ ಮುಳುಗಿಸಿ ಗುಳುಂ ಎನಿಸಿದ. ಹುಟ್ಟಿದಂದಿನಿಂದ ಮುದ್ದೆಯನ್ನೇ ಉಂಡವನ ಹಾಗಿತ್ತು.

"ಯಾರು ಕಲಿಸಿದ್ರು?"

"ಇಲ್ಲೇ… ರೂಢಿ ಆಗೈತ್ರಿ."

"ಹೋಟೆಲಿನ್ಯಾಗ ಇದು ರೂಢಿ ಆಗೂದಿಲ್ಲಪಾ. ಯಾರರ ಮುಂದ ಕುಂತು ಬಡಿಸಿದ್ರ ಆಗತೈತಿ."

ಮುತ್ತುರಾಜ ತಲೆ ತಗ್ಗಿಸಿ ಎಲೆ ನೋಡಿದ. ಸಿದ್ದಾರೂಢ, "ಉಣ್ಣಾಕ ಬಿಡವಾ ಅವನ್ನ," ಎಂದು ಸಿಡುಕಿದ. ಅಷ್ಟರಲ್ಲಿ ಮುತ್ತುರಾಜನ ಬೆನ್ನ ಹಿಂದಿನ ಬಾಗಿಲಿನಿಂದ ಗಿಳಿಹಸಿರು ಸೀರೆ ಒಳಗೆ ಬಂತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮೂಲೆಯ ಬೆಂಚಿನಲ್ಲಿ ಗೋಡೆಗೆ ಒರಗಿ ಕೂತಿತು.

ರೇಣುಕವ್ವ ಎಲೆ ಬಿಟ್ಟು ಎದ್ದಳು. ಎಂಜಲು ಕೈಯಲ್ಲೇ ಹೋಗಿ ಆ ಹೆಂಗಸಿನ ಎದುರು ಕೂತಳು. ವಿಚಾರಿಸುವುದರಲ್ಲಿ ಅವಳದೊಂದು ಪದ್ಧತಿ ಇತ್ತು. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹಾಗೆ ಕೇಳುವುದು.

"ನಿಮ್ಮ ಮಗಳು ಬರಲಿಲ್ಲೇನ್ರಿ?"

ಆ ಹೆಂಗಸು ಬೆಚ್ಚಲಿಲ್ಲ. ಎಲೆಗೆ ನೀರು ಚಿಮುಕಿಸುತ್ತ ಅಂದಳು, "ಸೌಮ್ಯನಾ? ಅವಳ್ಯಾಕೆ ಬರ್ತಾಳೆ? ಕೆಂಗೇರೀಲಿ ಗಂಡನ ಮನೇಲಿದಾಳೆ. ಎರಡು ಮಕ್ಳು. ನಿಮಗೆ ಸೌಮ್ಯ ಹೆಂಗ್ ಗೊತ್ತು?"

ರೇಣುಕವ್ವನ ಲೆಕ್ಕ ಒಂದು ಕಡೆ ಕುಸಿಯಿತು. ಆದರೂ ಬಿಡಲಿಲ್ಲ. "ಹಂಗಾರ ನೀವ್ಯಾಕ ಮುಂಜಾನಿಂದ ನಮ್ಮ ಬೆನ್ನ ಹತ್ತೀರಿ? ಆ ಹುಡುಗಗ ಕಾಣಧಂಗ ಕಂಬದ ಹಿಂದ ಅಡಗ್ತೀರಿ?"

"ಓ, ನೋಡ್ಬಿಟ್ರಾ? ಕಣ್ಣು ಚೆನ್ನಾಗಿದೆ ನಿಮ್ದು." ಆಕೆ ನಗಲಿಲ್ಲ. "ನಾನು ಮರಿಯಮ್ಮ. ಮುತ್ತು ಇರೋ ಮನೆ ನಮ್ದೇ. ನಮ್ಮನೆಯವರು ಬೈರಣ್ಣ ಅಂತ. ಹುಳಿಮಾವಲ್ಲಿ ಹೊಲ ಇದ್ದಾಗಿಂದ ಇದೀವಿ. ಈಗ ಹೊಲ ಇಲ್ಲ, ಬಾಡಿಗೆ ಮನೆಗಳಿವೆ. ನಾಲ್ಕು ವರ್ಷದಿಂದ ನಮ್ಮ ಮಹಡಿ ಮೇಲೆ ಇದಾನೆ ಅವನು."

"ಹೋದ ವಾರ ಅವನ ಜೋಡಿ ಬಂದಿದ್ದು ನೀವ ಏನು?"

"ಮತ್ತಿನ್ಯಾರು? ಆಂಟಿ, ಹುಡುಗಿ ಕಡೆಯವರು ಬರ್ತಾರೆ, ಹಿರಿಯರಿರ್ತಾರೆ, ನಂಗೆ ಏನೂ ಗೊತ್ತಿಲ್ಲ, ಒಂದ್ಸಲ ನಿಮ್ಮನ್ನ ಕರ್ಕೊಂಡ್ ಹೋಗಿ ಎಲ್ಲಾ ನೋಡ್ಕೊಂಡ್ ಬರ್ತೀನಿ ಅಂದ. ಸರಿ ಅಂತ ಹೋದೆ. ನಂಗೆ ಶುಗರ್ ಇದೆ, ಘಳಿಗೆಗೊಂದ್ಸಲ ಹೋಗ್ಬೇಕು. ಪಾಪ, ಹೋಟ್ಲು ಹೋಟ್ಲಲ್ಲಿ ಕೇಳಿಕೊಂಡು ಬಂದ. ಸಾಂಬಾರ್ ಯಾವ್ದು ಚೆನ್ನಾಗಿದೆ ಅಂತ ಮೂರು ಕಡೆ ತಿನ್ಸಿದ. ಜಯನಗರದ್ದೇ ಬೆಸ್ಟು ಅಂದೆ. ಮಿಕ್ಕಿದ್ರಲ್ಲಿ ಬೆಲ್ಲಾನೇ ಇರಲ್ಲ. ಯಾರಿಗೂ ಹೇಳ್ಬೇಡಿ ಆಂಟಿ, ನಗ್ತಾರೆ ಅಂತ ಕೈಮುಗ್ದ. ಛತ್ರೀನೂ ಅವನ ಬ್ಯಾಗಲ್ಲೇ ಬಿಟ್ಟೆ ನೋಡಿ."

ರೇಣುಕವ್ವನಿಗೆ ಒಮ್ಮೆಲೇ ನಗು ಬಂತು, ಆದರೆ ಬಾಯಿಗೆ ಬರುವ ಮೊದಲೇ ನಿಂತಿತು. ಮೂರು ಕಡೆ ಸಾಂಬಾರು ತಿನ್ನಿಸಿ, ರೋಣದವಳ ನಾಲಿಗೆಗೆ ಯಾವುದು ಸೇರುತ್ತದೆಂದು ಹುಳಿಮಾವಿನವಳನ್ನು ಕೇಳಿದ್ದ. ತಪ್ಪು ಮಾಡಿದ್ದ, ಮೋಸ ಮಾಡಿರಲಿಲ್ಲ. ಮುದ್ದೆ ಬಡಿಸಿದ ಕೈಯೂ ಇದೇ. ಆದರೆ ಒಂದು ಎಳೆ ಇನ್ನೂ ಉಳಿದಿತ್ತು.

"ಅದೆಲ್ಲ ಹೋದ ವಾರದ ಮಾತಾತು. ಇವತ್ತ್ಯಾಕ ಬಂದ್ರಿ?"

"ನೀವ್ಯಾಕೆ ಬಂದ್ರೋ ಅದಕ್ಕೇ," ಎಂದಳು ಮರಿಯಮ್ಮ. "ಅವರಮ್ಮ ಬಸವಲಿಂಗಮ್ಮ ಫೋನ್ ಮಾಡಿದ್ರು. ಮಗಳ ಬಾಣಂತನ ಬಿಟ್ಟು ಬರೋಕಾಗಲ್ಲ, ನೀವೇ ಒಂದು ಕಣ್ಣು ನೋಡಿ ಹೇಳಿ ಮರಿಯಮ್ಮಾ ಅಂದ್ರು. ಅವನಿಗೆ ಹೇಳ್ಲಿಲ್ಲ ನಾನು. ಹೇಳಿದ್ರೆ ಹುಡುಗ ಗಾಬರಿ ಆಗ್ತಿದ್ದ. ದಾರಿ ಹೆಂಗಿದ್ರೂ ಗೊತ್ತಲ್ಲ, ಬಸ್ಸಲ್ಲಿ ನಮಗೂ ಟಿಕೆಟ್ಟಿಲ್ಲ, ಬಂದೆ."

"ನೋಡಿದ್ರಲ್ಲ. ಹುಡುಗಿ ಹೆಂಗದಾಳ?"

"ಹುಡುಗಿ ಚೆನ್ನಾಗಿದಾಳೆ. ಅವಳ ಬಗ್ಗೆ ನಂದೇನೂ ಇಲ್ಲ." ಮರಿಯಮ್ಮ ಈಗ ಮೊದಲ ಸಲ ನೇರವಾಗಿ ಕಣ್ಣಿಗೆ ಕಣ್ಣಿಟ್ಟಳು. "ನಾನು ಬಾಡಿಗೆಗೆ ಮನೆ ಕೊಡೋಳು. ಬಂದೋರು ಎಂಥೋರು ಅಂತ ಬಾಗಿಲಲ್ಲೇ ನೋಡಿ ಹೇಳ್ತೀನಿ. ಆ ಹುಡುಗ ನಿಮ್ಮ ಚಪ್ಪಲಿ ಹಿಡ್ಕೊಂಡು ಹೋಗಿದ್ದ. ನೀವು ಅವನ ಬ್ಯಾಗ್ ತೆಗೆದ್ರಿ. ತೆಗೆದು, ಛತ್ರಿ ಮೂಸಿ ನೋಡಿದ್ರಿ."

ರೇಣುಕವ್ವ ಎಂಜಲು ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಅಲ್ಲೇ ನಿಂತು ಬಸವಲಿಂಗಮ್ಮಂಗೆ ಫೋನ್ ಮಾಡ್ದೆ. ಹುಡುಗಿ ಒಳ್ಳೇದು, ಆದ್ರೆ ಮನೇಲಿ ಇಂಥೋರು ಒಬ್ರಿದಾರೆ. ಮದುವೆ ಆದ್ಮೇಲೂ ಡಬ್ಬ ಡಬ್ಬ ತೆಗೆದು ನೋಡ್ತಾರೆ. ಬೇಡ ಅಂದೆ."

"ಬ್ಯಾಡ ಅಂದ್ರಾ?"

"ಅಂದೆ."

ಆ ಕಡೆಯ ಬೆಂಚಿನಿಂದ ಪ್ರಿಯಾಂಕಾಳ ನಗು ಕೇಳಿಸಿತು. ಮುದ್ದೆಯ ತುತ್ತು ಗಂಟಲಲ್ಲಿ ಸಿಕ್ಕಿ, ನೀರು ಕುಡಿದು, ಕಣ್ಣೊರೆಸಿಕೊಂಡು ಮತ್ತೆ ಇನ್ನೊಂದು ತುತ್ತು ಉರುಟು ಮಾಡುತ್ತಿದ್ದಳು. ಮೂರು ಸಂಬಂಧ ಮುರಿದಾಗಲೂ ರೇಣುಕವ್ವ ಈ ಹುಡುಗಿಯ ಮುಂದೆ ತಲೆಯೆತ್ತಿ ನಿಂತಿದ್ದಳು. ಮೂರರಲ್ಲೂ ತಪ್ಪು ಗಂಡಿನ ಕಡೆಯದಾಗಿತ್ತು. ನಾಲ್ಕನೆಯದು ಮುರಿದರೆ ಕಾರಣ ಏನೆಂದು ಹೇಳುವುದು?

"ಫೋನ್ ಹಚ್ರಿ," ಎಂದಳು.

"ಯಾರಿಗೆ?"

"ಅವರಿಗೆ. ನಾ ಮಾತಾಡ್ತೀನಿ."

ಮರಿಯಮ್ಮ ಅನುಮಾನದಿಂದಲೇ ನಂಬರು ಒತ್ತಿ, ಎರಡು ಮಾತಾಡಿ ಫೋನು ಕೊಟ್ಟಳು. ಆಚೆಯಿಂದ ಕೂಸಿನ ಅಳು, ಆಮೇಲೆ ಒಂದು ಗಟ್ಟಿ ದನಿ.

"ಬಸವಲಿಂಗಮ್ಮ ಮಾತಾಡೂದ್ರಿ. ಹೇಳ್ರಿ."

"ನಾನ್ರೀ, ಪ್ರಿಯಾಂಕಾನ ದೊಡ್ಡವ್ವ. ಬ್ಯಾಗ್ ತಗದಾಕಿ ನಾನ."

"ತಗದಿದ್ದು ಖರೇ ಏನ್ರಿ?"

"ಖರೇರಿ. ತಪ್ಪ್ ಮಾಡೀನಿ."

"ಏನ್ ಸಿಕ್ತ್ರಿ?"

"ಛತ್ರಿ ಮತ್ತ ಬಾಳಿಹಣ್ಣು."

ಆಮೇಲೆ ಪ್ರಶ್ನೆಗಳು ಶುರುವಾದವು. ಮದುವಿ ಆದ್ಮ್ಯಾಲ ಮಗಳ ಮನಿಗೆ ವರ್ಷಕ್ಕ ಎಷ್ಟ್ ಸಲ ಬರ್ತೀರಿ? ಬಂದ್ರ ಎಷ್ಟ್ ದಿನ ಇರ್ತೀರಿ? ಮನ್ಯಾಗ ಮಾತು ನಿಮ್ಮದೋ ಅವರ ಅಪ್ಪಂದೋ? ಒಂದಕ್ಕೆ ಉತ್ತರ ಹೇಳಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಹಿಂದಿನ ಉತ್ತರಕ್ಕೂ ಮುಂದಿನದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವ ಪ್ರಶ್ನೆಗಳು. ಇಷ್ಟು ವರ್ಷ ತಾನು ಕೇಳಿದವರಿಗೆ ಹೇಗಾಗಿರಬೇಕೆಂದು ರೇಣುಕವ್ವನಿಗೆ ಈಗ ಬೆವರಿನಲ್ಲಿ ತಿಳಿಯಿತು.

"ಇನ್ನೊಂದ್ ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಹುಡುಗಿಗೂ ನಿಮ್ಮಂಗ ಸಂಶಯದ ಸ್ವಭಾವ ಐತೇನು?"

"ಇಲ್ಲರಿ," ಎಂದಳು ರೇಣುಕವ್ವ. "ಆಕಿ ಯಾರನ್ನ ಬೇಕಾದ್ರೂ ನಂಬತಾಳ. ಅದಕ್ಕ ನಾ ಬಂದೀನಿ."

ಕೂಸಿನ ಅಳು ನಿಂತಿತ್ತು. "ಹುಡುಗಿಗೆ ಫೋನ್ ಕೊಡ್ರಿ," ಎಂದಳು ಬಸವಲಿಂಗಮ್ಮ. "ನೀವು ಹತ್ರ ನಿಂದರಬ್ಯಾಡ್ರಿ."

ರೇಣುಕವ್ವ ಎದ್ದು ಹೋಗಿ ಪ್ರಿಯಾಂಕಾಳ ಎಡಗೈಗೆ ಫೋನು ಹಿಡಿಸಿದಳು. "ಅವರವ್ವ. ಹೊರಗ ಹೋಗಿ ಮಾತಾಡು. ಕೇಳಿದ್ದಕ್ಕ ಖರೇ ಹೇಳು, ನನ್ನ ಬಗ್ಗೆ ಕೇಳಿದ್ರೂ." ಪ್ರಿಯಾಂಕಾ ಗಾಬರಿಯಿಂದ ಎಲ್ಲರ ಮುಖ ನೋಡಿ ಬಾಗಿಲಾಚೆ ಹೋದಳು.

ಮುತ್ತುರಾಜ ಅರ್ಧ ಎದ್ದು ಹಿಂದೆ ತಿರುಗಿದವನು ಮೂಲೆಯ ಬೆಂಚನ್ನು ಕಂಡು ಹಾಗೇ ನಿಂತ.

"ಆಂಟಿ! ನೀವ್ ಇಲ್ಲಿ ಹೆಂಗೆ?"

"ಊಟಕ್ಕೆ ಬಂದೆ ಕಣೋ. ಕೂತ್ಕೋ, ಮುದ್ದೆ ಆರೋಗುತ್ತೆ."

ಸಿದ್ದಾರೂಢ ಒಬ್ಬೊಬ್ಬರ ಮುಖವನ್ನೂ ನೋಡಿದ. "ಯಾರರ ನನಗೂ ಸ್ವಲ್ಪ ಹೇಳ್ತೀರೇನು? ಏನ್ ನಡದೈತಿ ಇಲ್ಲಿ?"

ರೇಣುಕವ್ವ ಮುತ್ತುರಾಜನ ಎದುರು ಕೂತು, "ಗುಡಿ ಮುಂದ ನಿನ್ನ ಬ್ಯಾಗ್ ತಗದು ನೋಡೀನಪಾ," ಎಂದಳು. ಅವನು ಅಂದ, "ಬಾಳಿಹಣ್ಣು ನಿಮಗಂತ ತಂದಿದ್ದೆ. ಅಲ್ಲೇ ತಗೊಂಡು ತಿಂದಿದ್ರ ಆಗ್ತಿತ್ತಲ್ಲರಿ." ಅದು ಕುಹಕವೋ ಮುಗ್ಧತೆಯೋ ಅವಳಿಗೆ ತಿಳಿಯಲಿಲ್ಲ. ಎರಡೂ ಇರಬಹುದು ಎನಿಸಿತು. ಹುಡುಗನಲ್ಲಿ ಅಷ್ಟಾದರೂ ಉಪ್ಪುಖಾರ ಇದ್ದರೆ ಒಳ್ಳೆಯದೇ.

ಬಾಗಿಲಾಚೆ ಪ್ರಿಯಾಂಕಾ ಫುಟ್‌ಪಾತಿನ ಮೇಲೆ ಅತ್ತಿತ್ತ ನಡೆಯುತ್ತ ಮಾತಾಡುತ್ತಿದ್ದಳು. ಮಾತು ಕೇಳುತ್ತಿರಲಿಲ್ಲ. ಬಾಗಿಲಿಗೆ ಹತ್ತಿರದ ಬೆಂಚು ಖಾಲಿ ಇತ್ತು. ರೇಣುಕವ್ವ ಅದನ್ನು ನೋಡಿದಳು, ಏಳಲಿಲ್ಲ. ಎಲೆಯಲ್ಲಿ ಉಳಿದ ಮುದ್ದೆಯನ್ನು ಸಾರಿನಲ್ಲಿ ಅದ್ದಿ, ಅಗಿಯದೇ ನುಂಗಲು ನೋಡಿದಳು. ಎರಡನೇ ತುತ್ತು ಇಳಿಯಿತು.

ಪ್ರಿಯಾಂಕಾ ಒಳಗೆ ಬಂದು ಮರಿಯಮ್ಮನಿಗೆ ಫೋನು ಕೊಟ್ಟು ಬಂದು ಕೂತಳು.

"ಏನಂದ್ರು?"

"ನಿನ್ನ ಬಗ್ಗೇನ ಕೇಳಿದ್ರು."

"ನೀ ಏನಂದಿ?"

"ನಮ್ಮ ದೊಡ್ಡವ್ವ ಎಲ್ಲಾ ತಗದು ನೋಡ್ತಾಳ್ರಿ ಅಂದೆ. ಒಮ್ಮೆ ನೋಡಿ ಹೂಂ ಅಂದ್ಲಂದ್ರ ಮುಂದ ಊರೆಲ್ಲಾ ಏನಂದ್ರೂ ಬಿಟ್ಟುಕೊಡೂದಿಲ್ಲ ಅಂತ ಅಂದೆ." ಪ್ರಿಯಾಂಕಾ ಮುತ್ತುರಾಜನ ಕಡೆ ನೋಡದೇ ಹೇಳಿದಳು. "ಬಾಣಂತನ ಮುಗದ ಮ್ಯಾಲ ರೋಣಕ್ಕ ಬರ್ತಾರಂತ. ಹುಡುಗಿ ನೋಡಾಕ ಅಲ್ಲ, ನಿನ್ನ ನೋಡಾಕ ಅಂತ."

ಸಿದ್ದಾರೂಢ ಜೋರಾಗಿ ನಕ್ಕ. ಮರಿಯಮ್ಮನ ಬೆಂಚಿನಿಂದಲೂ ಒಂದು ಸಣ್ಣ ನಗು ಬಂತು. ರೇಣುಕವ್ವ ಎದ್ದು ಕೈತೊಳೆಯಲು ಹೋದಳು. ಅಷ್ಟರಲ್ಲಿ ಜಯದೇವಪ್ಪನ ಫೋನು ಬಂತು.

"ಏನಾತ್ರಿ ಅಕ್ಕಾರ? ಹುಡುಗ ಹೆಂಗದಾನ?"

"ಕುಡಿಯೂದಿಲ್ಲ, ಗುಟ್ಕಾ ತಿನ್ನೂದಿಲ್ಲ. ಮನೀ ಮಾಲಕರು ನಾಕು ವರ್ಷದಿಂದ ಬಲ್ಲವರು, ಅವರ ಬಾಯಿಂದನ ಕೇಳೀನಿ. ನಮ್ಮ ಕಡಿಯಿಂದ ಹೂಂ."

"ಅಬ್ಬಾ! ಹಂಗಾರ ಮುಗೀತಲ್ಲರಿ."

"ಮುಗದಿಲ್ಲ. ಅವರು ಇನ್ನಾ ಹೂಂ ಅಂದಿಲ್ಲ. ನನ್ನ ವಿಚಾರಸಾಕತ್ಯಾರ."

"ನಿಮ್ಮನ್ನಾ? ನಿಮ್ಮನ್ನ ಯಾಕರಿ ವಿಚಾರಸ್ಬೇಕು?"

ರೇಣುಕವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ವಿಚಾರಸ್ಲಿ ಬಿಡ್ರಿ," ಎಂದಳು. "ಮಗನ್ನ ಕೊಡಾಕತ್ಯಾರ, ವಿಚಾರಸಬಾರದೇನು?"